ಕಾಲುವೆಯಲ್ಲಿ ಹೊರಟ ಸೋಫಾ

ಏಕನಾಥ ಹುಡಗಿಯವನು. ಈ ವಾಕ್ಯ ಕೇಳಿ ಮೈಸೂರು ಕಡೆಯವರು ಮುಸಿಮುಸಿ ನಗುತ್ತಾರೆ. ಹುಡಗಿ ಎಂಬುದು ಹುಮನಾಬಾದ ತಾಲೂಕಿನ ಒಂದು ಊರು, ಅಲ್ಲಿ ಗಂಡಸರೂ ಇರುತ್ತಾರೆ ಎಂದು ಅವರಿಗೆ ತಿಳಿಸಿ ಹೇಳಿ ನಮಗೆ ಸಾಕಾಗಿದೆ.

ಆ ಊರಿನಲ್ಲಿ ಏಕನಾಥನದೊಂದು ಮಂಟಪದ ಅಂಗಡಿ. ಮದುವೆ, ಬಸುರಿಯ ಕುಬಸ, ಮಂತ್ರಿಗಳ ಭಾಷಣ, ಯಾರದೋ ತಿಥಿ, ಏನಿದ್ದರೂ ಬಾಡಿಗೆಯ ಕುರ್ಚಿ, ಗಾದಿ, ಪರದೆ, ಜಮಖಾನೆ, ಕಮಾನು ಎಲ್ಲ ಅವನದೇ. ಕೈ ಅಚ್ಚುಕಟ್ಟು, ತಲೆಯಲ್ಲಿ ಮಾತ್ರ ಸ್ವಲ್ಪ ಗಲಿಬಿಲಿ. ಒಮ್ಮೆ ಒಂದೇ ದಿನ ಎರಡು ಮನೆಗೆ ಬೋರ್ಡು ಕಟ್ಟಬೇಕಾಗಿ ಬಂದು, ಮದುವೆ ಮನೆಗೆ ‘ಭಾವಪೂರ್ಣ ಶ್ರದ್ಧಾಂಜಲಿ’ಯನ್ನೂ ತಿಥಿಯ ಮನೆಗೆ ‘ನೂತನ ಬಾಳಿಗೆ ಶುಭಾಶಯ’ವನ್ನೂ ಕಟ್ಟಿ ಬಂದಿದ್ದ. ತಿಥಿಯ ಮನೆಯವರು ಏನೂ ಅನ್ನಲಿಲ್ಲ. ಹೋದವರ ಸ್ವಭಾವ ಹಾಗಿತ್ತಂತೆ. ಮದುವೆಯ ವರ ಮಾತ್ರ ಇವತ್ತಿಗೂ ಸಿಕ್ಕಲ್ಲಿ ಕೈ ಹಿಡಿದು, “ಅಣ್ಣಾ, ನೀ ಅವತ್ತೇ ಹೇಳಿದ್ದಿ, ನನಗೇ ತಿಳೀಲಿಲ್ಲ” ಎನ್ನುತ್ತಾನೆ.

ಇಂಥ ಏಕನಾಥ ದೋಣಿಯ ಹುಚ್ಚಿಗೆ ಬಿದ್ದದ್ದು ಅವನ ಷಡ್ಡಕನಿಂದ. ಏಕನಾಥನ ಹೆಂಡತಿ ಸುಂದರಬಾಯಿ. ಅವಳ ತಂಗಿ ಮನೀಷಾ. ಮನೀಷಾಳ ಗಂಡ ಸಂತೋಷಕುಮಾರ ಬಸವಕಲ್ಯಾಣದಲ್ಲಿ ಗೊಬ್ಬರದ ಅಂಗಡಿ ಇಟ್ಟವನು; ಮನೆ, ಹೊಲ ಎರಡೂ ಅಲ್ಲೇ ಹತ್ತಿರದ ಹಳದವಾಡಿಯಲ್ಲಿ. ಗೊಬ್ಬರದ ಕಂಪನಿಯವರು ಈ ಗಂಡಹೆಂಡಿರನ್ನು ಕೇರಳಕ್ಕೆ ಕರೆದುಕೊಂಡು ಹೋಗಿ ದೋಣಿಮನೆಯಲ್ಲಿ ಇಟ್ಟಿದ್ದರು. ಅಲ್ಲಿಂದ ಫೋಟೋಗಳು ಬಂಧುಬಳಗದ ವಾಟ್ಸಾಪ್ ಗ್ರೂಪಿಗೆ ಬರಲಾರಂಭಿಸಿದವು. ದೋಣಿಯಲ್ಲಿ ಮನೀಷಾ ಚಹಾ ಕುಡಿಯುವುದು, ದೋಣಿಯಲ್ಲಿ ಮನೀಷಾ ಬಾಳೆಹಣ್ಣು ಸುಲಿಯುವುದು, ದೋಣಿಯಲ್ಲಿ ಸಂತೋಷಕುಮಾರ ಕಪ್ಪು ಕನ್ನಡಕ ಹಾಕಿಕೊಂಡು ನೀರಿನ ಕಡೆ ಯಾರೋ ಸಾಲ ತೀರಿಸದವರನ್ನು ನೋಡಿದ ಹಾಗೆ ನೋಡುವುದು.

ಸುಂದರಬಾಯಿ ಪ್ರತಿ ಫೋಟೋವನ್ನೂ ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು. ಕೊನೆಗೆ, “ಅವರು ನೀರ ಮ್ಯಾಲ ಮಲ್ಕೋತಾರ. ನೀವು ಗಾದಿ ಬಾಡಿಗಿ ಕೊಟ್ಟು ನೆಲದ ಮ್ಯಾಲ ಮಲ್ಕೋತೀರಿ” ಎಂದಳು.

ಅದೇ ವಾರ ಏಕನಾಥನ ಫೋನಿನಲ್ಲಿ ಒಂದು ವೀಡಿಯೋ ಕಾಣಿಸಿತು. ಹೊರದೇಶದ ಒಬ್ಬ ಮುದುಕ, ಒಬ್ಬ ಮುದುಕಿ, ಉದ್ದನೆಯ ಸಪೂರ ದೋಣಿಯಲ್ಲಿ ಕುಳಿತು ಒಂದು ಕಾಲುವೆಯ ಮೇಲೆ ಎಮ್ಮೆಯ ನಡಿಗೆಯಲ್ಲಿ ಹೊರಟಿದ್ದರು. ಚಹಾದ ಕೆಟಲಿ, ಕಪ್ಪು-ಬಸಿ, ಎರಡೂ ದಂಡೆಗೆ ಹುಲ್ಲು. ಇಬ್ಬರಿಗೂ ಎಲ್ಲಿಗೂ ಮುಟ್ಟುವ ಅವಸರವಿರಲಿಲ್ಲ. ಏಕನಾಥ ವೀಡಿಯೋವನ್ನು ಮೂರು ಸಲ ನೋಡಿದ. ಸಮುದ್ರವಿಲ್ಲ, ಹೊಳೆಯಿಲ್ಲ, ಬರೀ ಕಾಲುವೆ! ಕಾಲುವೆ ಹುಡಗಿಯ ಪಕ್ಕದಲ್ಲೇ ಇದೆ. ಅದು ಹರಿದು ಹರಿದು ಕೊನೆಗೆ ಮುಟ್ಟುವುದು ಹಳದವಾಡಿಯನ್ನೇ.

ಅವನು ಗ್ರೂಪಿನಲ್ಲಿ ಬರೆದ: “ಬರುವ ರವಿವಾರ ನಾವು ಗಂಡ ಹೆಂಡತಿ ಕಾಲುವೆ ಮೇಲಿಂದ ದೋಣಿಯಲ್ಲಿ ಕೂತು ಸಾವಕಾಶ ಹಳದವಾಡಿಗೆ ಬರುತ್ತೇವೆ. ಊಟಕ್ಕೆ ಮಾಡಿ ಇಡಿರಿ.”

ಸಂತೋಷಕುಮಾರನ ಉತ್ತರ ಕೂಡಲೇ ಬಂತು: “ಏಕನಾಥರಾವ್, ನಮ್ಮೂರ ಕಾಲುವ್ಯಾಗ ನೀರು ಕಂಡು ಯಾವ ಕಾಲ ಆಯ್ತು. ಈಗ ಅಲ್ಲಿ ಮಂದಿ ಕ್ರಿಕೆಟ್ ಆಡಾಕತ್ತಾರ. ದೋಣಿಗೆ ಗಾಲಿ ಹಚ್ಕೊಂಡು ಬರ್ರಿ. ದೋಣಿಯಿಂದ ಬಂದ್ರ ನಾ ಕಾಲುವ್ಯಾಗ ನಿಂತು ನಿಮಗ ಆರತಿ ಮಾಡ್ತೀನಿ. ಬರಲಿಲ್ಲ ಅಂದ್ರ ಇನ್ನ ಮ್ಯಾಲ ಮಾವನವರ ಮನಿಯೊಳಗ ಮೊದಲ ತಾಟು ನಂದು.”

ಇದು ಸಣ್ಣ ಮಾತಲ್ಲ. ಮಾವನ ಮನೆಯಲ್ಲಿ ಪಂಕ್ತಿಗೆ ಕೂತಾಗ ಮೊದಲ ತಾಟು ಹಿರಿಯ ಅಳಿಯನದು. ಆ ತಾಟು ಹೋದರೆ ಅದರ ಹಿಂದೆ ತುಪ್ಪ, ಮರ್ಯಾದೆ, ಗೋಡೆ ಬದಿಯ ಜಾಗ ಎಲ್ಲ ಹೋದಂತೆ. ಗ್ರೂಪಿನಲ್ಲಿದ್ದ ಮಾವ ಈ ಸಂದೇಶಕ್ಕೆ ಹೆಬ್ಬೆರಳು ಒತ್ತಿದರು. ಯಾರ ಕಡೆಗೆ ಒತ್ತಿದರು ಎಂಬುದು ತಿಳಿಯಲಿಲ್ಲ. ಅಂತೂ ಒಪ್ಪಂದ ಊರ್ಜಿತವಾಯಿತು.

ಏಕನಾಥ ಅಂಗಡಿಯ ಸಾಮಾನಿನಲ್ಲೇ ದೋಣಿ ಕಟ್ಟಿದ. ಕಟ್ಟಿದವನು ಎಂದರೆ ಪಂಡರಿ. ಪಂಡರಿ ಏಕನಾಥನ ವಾರಿಗೆಯವನು. ಹುಡುಗತನದಿಂದ ಮಂಟಪ ಕಟ್ಟಿದವನು, ನೀರು ಕಂಡರೆ ಸ್ನಾನಕ್ಕೂ ಹೆದರುವವನು. ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳ ಎರಡು ಸಾಲು, ಮೇಲೆ ವೇದಿಕೆಯ ಹಲಗೆ, ಹಲಗೆಯ ಮೇಲೆ ಕೆಂಪು ಜಮಖಾನೆ, ಅದರ ಮೇಲೆ ವಧೂವರರು ಕೂಡುವ ಬಂಗಾರ ಬಣ್ಣದ ಸೋಫಾ. ಪುಷ್ಯ ಮಾಸದ ಥಂಡಿಗಾಳಿ ಬೆನ್ನಿಗೆ ಹೊಡೆಯಬಾರದೆಂದು ಸೋಫಾದ ಹಿಂದೆ ಬಿದಿರಿನ ಚೌಕಟ್ಟು ನಿಲ್ಲಿಸಿ, ಅದಕ್ಕೆ ಅಂಗಡಿಯಲ್ಲಿ ಬಿದ್ದಿದ್ದ ಒಂದು ಫ್ಲೆಕ್ಸು ಬಿಗಿದರು. ಅದು ಯಾವುದೋ ‘ಉಚಿತ ನೇತ್ರ ತಪಾಸಣಾ ಶಿಬಿರ’ದ ಫ್ಲೆಕ್ಸು. ಚೌಕಟ್ಟಿಗಿಂತ ಅಗಲವಾಗಿತ್ತು. ಪಂಡರಿ ಎಡಕ್ಕೆ ‘ಉಚಿತ ನೇತ್ರ’ವನ್ನೂ ಬಲಕ್ಕೆ ‘ಶಿಬಿರ’ವನ್ನೂ ಹಿಂದಕ್ಕೆ ಮಡಿಚಿ ತಂತಿ ಸುತ್ತಿದ. ನಡುವೆ ಉಳಿದದ್ದು ಕೆಂಪು ಅಕ್ಷರದ ‘ತಪಾಸಣಾ’. ಅದರ ಕೆಳಗೆ ರೆಪ್ಪೆ ಬಡಿಯದೆ ದಿಟ್ಟಿಸುವ, ಎತ್ತಿನ ಗಾಡಿಯ ಗಾಲಿಯಷ್ಟು ದೊಡ್ಡ ಒಂದು ಕಣ್ಣು.

“ಕಣ್ಣು ಛಂದ ಅದ. ದೃಷ್ಟಿ ತಾಗಂಗಿಲ್ಲ” ಎಂದ ಏಕನಾಥ.

ರವಿವಾರ ಮುಂಜಾನೆ ಅರ್ಧ ಹುಡಗಿ ಕಾಲುವೆಯ ಸೇತುವೆ ಮೇಲೆ ನೆರೆಯಿತು. ಏಕನಾಥ ತನ್ನ ಮದುವೆಯ ಕರಿ ಕೋಟು ತೊಟ್ಟಿದ್ದ. ಪಂಡರಿಯ ಮೈಮೇಲೆ ಖಾಕಿ ಅಂಗಿ, ಕೊರಳಲ್ಲಿ ಮದುವೆ ಮನೆಯ ಮುಂದೆ ಗಾಡಿ ನಿಲ್ಲಿಸಲು ಊದುವ ಸೀಟಿ, ಸೊಂಟಕ್ಕೆ ಹಗ್ಗ. ಹಗ್ಗದ ಇನ್ನೊಂದು ತುದಿ ಡ್ರಮ್ಮಿಗೆ. ಪಕ್ಕದ ಮನೆಯ ಸಿರಾಜುದ್ದೀನ್ ಮೇಲಿನಿಂದ ಕೂಗಿದ:

“ಏಕನಾಥ ಭಾಯಿ, ಮುಳುಗಿದ್ರ ಸೋಫಾ ಯಾರಿಗೆ ಹೇಳಿಟ್ಟಿ?”

“ನಿನಗ ಅಲ್ಲ” ಎಂದು ಸುಂದರಬಾಯಿಯೇ ಉತ್ತರ ಕೊಟ್ಟಳು. ನಂತರ ಸೀರೆ ಎತ್ತಿ ಹಿಡಿದು, ಸ್ಟೋವು, ಚಹಾಪುಡಿ, ಹುರಿದ ಶೇಂಗಾ ಸಮೇತ ದೋಣಿ ಹತ್ತಿ ಸೋಫಾದಲ್ಲಿ ಕುಳಿತಳು. ದೋಣಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತೂಗಿ, ಒಪ್ಪಿಕೊಂಡಿತು.

ನೀರಿನ ಜೊತೆಗೆ ಅದೂ ಹೊರಟಿತು. ಹೊರಟಿದೆ ಎಂಬುದು ತಿಳಿಯಬೇಕಾದರೆ ದಂಡೆಯ ಮೇಲಿನ ಜಾಲಿಗಿಡವನ್ನು ಗುರುತಿಟ್ಟು ನೋಡಬೇಕು, ಅಷ್ಟು ನಿಧಾನ. ಮೇಕೆ ಹೊಡೆದುಕೊಂಡು ಹೊರಟ ಒಬ್ಬ ಮುದುಕಿ ಅವರನ್ನು ಹಿಂದೆ ಹಾಕಿ ಹೋದಳು. ಮೇಕೆಗಳು ನಿಂತು ಮೇಯ್ದು, ಜಗಳಾಡಿ, ಮತ್ತೆ ಅವರನ್ನು ಹಿಂದೆ ಹಾಕಿದವು. ಜೋಳದ ತೆನೆಗಳು ಹಾಲು ತುಂಬಿ ನಿಂತಿದ್ದವು. ಬಿಸಿಲು ಬೆಚ್ಚಗಿತ್ತು. ಸುಂದರಬಾಯಿ ಚಹಾ ಮಾಡಿ ಗಂಡನಿಗೊಂದು, ಪಂಡರಿಗೊಂದು ಕೊಟ್ಟು, ತಾನೂ ಕಾಲು ಮಡಿಚಿ ಕುಳಿತು ಊದಿ ಊದಿ ಕುಡಿದಳು.

“ಹ್ಯಾಂಗದ?” ಎಂದ ಏಕನಾಥ.

“ಚಹಾ ಛಲೋ ಆಗ್ಯಾದ” ಎಂದಳು. ದೋಣಿಯ ವಿಷಯ ಆಗಲೇ ಹೇಳುವ ಹೆಂಗಸು ಅವಳಲ್ಲ.

ಇಷ್ಟರಲ್ಲಿ ದೋಣಿ ಮೊದಲ ತಿರುವನ್ನು ದಾಟಿ ಸೋನವಾಡಿಯ ಹೊಲಗಳ ಸೀಮೆಗೆ ಬಂತು. ಇಲ್ಲೊಂದು ವಿಷಯ ಹೇಳಬೇಕು. ಕಾಲುವೆಯ ನೀರಿಗೆ ಪಾಳಿ ಇದೆ. ಯಾವ ಹೊಲಕ್ಕೆ ಯಾವಾಗ ಎಷ್ಟು ಎಂಬ ಕಾನೂನಿದೆ. ಆ ಕಾನೂನಿನ ಪಕ್ಕದಲ್ಲೇ, ಹುಲ್ಲಿನಲ್ಲಿ ಅಡಗಿಸಿ, ಪೈಪುಗಳಿವೆ. ಪಾಳಿಯಿಲ್ಲದವರ ಪೈಪು, ಪಾಳಿ ಇದ್ದೂ ಸಾಲದವರ ಪೈಪು, ಪಕ್ಕದವನು ಹಾಕಿದ್ದಾನೆಂದು ಹಟಕ್ಕೆ ಹಾಕಿದ ಪೈಪು. ಹಳದವಾಡಿಯವರು ಕಾಲುವೆಯಲ್ಲಿ ಕ್ರಿಕೆಟ್ ಆಡುವುದು ಯಾಕೆಂದು ಈಗ ತಿಳಿಯಿತಲ್ಲ.

ಸೋನವಾಡಿಯ ರೈತ ವೈಜಿನಾಥ ದಂಡೆಯ ಮೇಲೆ ಕೂತು ತನ್ನ ಪೈಪು ಗಟಗಟ ನೀರು ಕುಡಿಯುವುದನ್ನು ಮಗುವಿಗೆ ಹಾಲು ಕುಡಿಸುವ ತಾಯಿಯಂತೆ ನೋಡುತ್ತಿದ್ದ. ತಲೆಯೆತ್ತಿದರೆ, ತಿರುವಿನಿಂದ ಒಂದು ದೊಡ್ಡ ಕಣ್ಣು ಅವನ ಕಡೆಗೇ ತೇಲಿ ಬರುತ್ತಿದೆ. ಕಣ್ಣಿನ ಮೇಲೆ ಕೆಂಪಗೆ ‘ತಪಾಸಣಾ’. ಕಣ್ಣಿನ ಮುಂದೆ ಕರಿ ಕೋಟಿನ ಸಾಹೇಬರು. ಪಕ್ಕದಲ್ಲಿ ಮೇಡಮ್ಮು. ಮುಂದೆ ಖಾಕಿ ಪೇದೆ. ಅದೇ ಹೊತ್ತಿಗೆ ದೋಣಿ ದಂಡೆಗೆ ತಾಗಿ ಅಲುಗಿತು. ಪಂಡರಿ ಹೆದರಿ ಸೀಟಿ ಊದಿದ.

ಆ ಸೀಟಿಗೆ ವೈಜಿನಾಥನ ಪೈಪು ನೀರಿನಿಂದ ಹಾವಿನ ಹಾಗೆ ಎದ್ದು ಜೋಳದೊಳಗೆ ಓಡಿತು. “ತಪಾಸಣಾ ಬಂದದ್ರೋ!” ಎಂಬ ಕೂಗು ಹೊಲದಿಂದ ಹೊಲಕ್ಕೆ ಹೋಯಿತು. ಎರಡೂ ದಂಡೆಯ ಮೇಲೆ ಪೈಪುಗಳು ಏಳುವುದೇನು, ಮೋಟರುಗಳು ಹೆಗಲ ಮೇಲೆ ಓಡುವುದೇನು! ಒಬ್ಬ ಎಳೆಯಲಾಗದ ಪೈಪಿನ ಮೇಲೆ ಧೋತರ ಹಾಸಿ ಮಲಗಿಬಿಟ್ಟ.

“ನೋಡು, ದೋಣಿಗೆ ದಾರಿ ಬಿಡಾಕತ್ತಾರ. ಎಷ್ಟು ಶಿಸ್ತಿನ ಮಂದಿ!” ಎಂದು ಏಕನಾಥ ಹೆಂಡತಿಗೆ ತೋರಿಸಿದ. ಫೋನು ತೆಗೆದು ಎಲ್ಲವನ್ನೂ ವೀಡಿಯೋ ಮಾಡಿದ.

ವೈಜಿನಾಥ ಕೈಮುಗಿದು ದಂಡೆಯ ಗುಂಟ ದೋಣಿಯ ಜೊತೆ ನಡೆಯಲಾರಂಭಿಸಿದ.

“ಸಾಹೇಬ್ರ, ಇಂಥಾ ಥಂಡ್ಯಾಗ ಖುದ್ದ ತಾವೇ ಬಂದ್ರಿ?”

“ಮತ್ತ ಯಾರು ಬರಬೇಕ್ರಿ? ಒಮ್ಮೆ ಸಾವಕಾಶ ಎಲ್ಲಾ ನೋಡ್ಕೋತ ಹೋಗೂಣು ಅಂತ ಬಂದೀವಿ.”

“ಎಲ್ಲಾ ನೋಡ್ಕೋತ...” ವೈಜಿನಾಥ ಪೈಪು ಅಡಗಿದ ಜೋಳದ ಕಡೆ ಓರೆಗಣ್ಣು ಹಾಯಿಸಿದ. “ಎಲ್ಲೀ ತನಕ ಹೋಗೂದದ್ರಿ?”

“ಕಡೀ ತನಕ. ಹಳದವಾಡಿಯೊಳಗ ಒಬ್ಬಾಂವ ಭಾಳ ಮಾತಾಡ್ಯಾನ. ಅಂವಗ ಇವತ್ತ ತೋರಿಸೇ ಬಿಡ್ತೀನಿ.”

“ಅಂವ ಕಂಪ್ಲೇಂಟ್ ಕೊಟ್ಟಾನೇನ್ರಿ? ... ಮತ್ತ, ಸಾಹೇಬ್ರ, ಈಗ ಫೋಟೋ ಹೊಡದ್ರೇನು?”

“ಫೋಟೋ ಅಲ್ರಿ, ವೀಡಿಯೋ. ಸಂಜೀಕ ಗ್ರೂಪಿಗೆ ಹಾಕ್ತೀನಿ. ಎಲ್ಲಾರೂ ನೋಡ್ಲಿ.”

“ಗ್ರೂಪಿನ್ಯಾಗ ಯಾರ್ಯಾರ ಅದಾರ್ರಿ?”

“ಬೀದರ, ಕಲಬುರಗಿ, ಬೆಂಗಳೂರು, ಎಲ್ಲಾ ಕಡೆಯವ್ರು ಅದಾರ. ನಮ್ಮ ದೊಡ್ಡವ್ರೂ ಅದಾರ.” ದೊಡ್ಡವರು ಎಂದರೆ ಮಾವ.

“ದೊಡ್ಡವ್ರು ಭಾಳ ಕಡಕ ಏನ್ರಿ?”

“ಕಡಕ ಅಂದ್ರ? ಉಣ್ಣಾಕ ಕೂತಾಗ ಸೈತ ಬೈತಾರ.”

ವೈಜಿನಾಥ ಹೊಲದೊಳಗೆ ಓಡಿಹೋಗಿ ಒಂದು ಕೋಳಿ ಹಿಡಿದು ತಂದು ದೋಣಿಗೆ ಎಸೆದ. “ಅಕ್ಕಾರ, ನೀವಾದ್ರೂ ಹೇಳ್ರಿ! ನಂದು ಭಾಳ ಸಣ್ಣದದ!”

ಕೋಳಿ ಸೋಫಾದ ಮೇಲೆ ಏಕನಾಥನಿಗೂ ಸುಂದರಬಾಯಿಗೂ ನಡುವೆ ಬಂದು ಕುಳಿತಿತು. “ಎಲ್ಲಿ ಸಣ್ಣದದ? ಬರೋಬ್ಬರಿ ಅದ” ಎಂದ ಏಕನಾಥ. ವೈಜಿನಾಥ ಅಲ್ಲೇ ದಂಡೆಯ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತ.

ಮುಂದಿನ ಹೊಲಗಳಲ್ಲೂ ಇದೇ ಕಥೆ. ಕಬ್ಬಿನ ಗಳ ಬಂದವು, ಕಡಲೆ ಗಿಡದ ಹೊರೆ ಬಂತು, ಬಾಳೆಎಲೆಯಲ್ಲಿ ಎಳೆ ಜೋಳದ ತೆನೆ ಸುಟ್ಟು ಉದುರಿಸಿದ ಬಿಸಿ ಸೀತನಿ ಬಂತು.

“ಇವ್ರು ಯಾಕ ಇಷ್ಟು ಕೊಡಾಕತ್ತಾರ್ರಿ?” ಎಂದಳು ಸುಂದರಬಾಯಿ.

“ದೋಣಿ ಮ್ಯಾಲ ಬಂದ ಪಾವಣ್ಯಾರಿಗೆ ಕೊಡೂ ಪದ್ಧತಿ ಇರಬೇಕು.”

“ಯಾವಾಗಿಂದ? ಈ ಕಾಲುವ್ಯಾಗ ದೋಣಿ ಇವತ್ತೇ ಬಂದದ.”

ಏಕನಾಥ ಇನ್ನೊಂದು ಮುಷ್ಟಿ ಸೀತನಿ ಬಾಯಿಗೆ ಹಾಕಿಕೊಂಡ.

ಇತ್ತ ಹುಮನಾಬಾದಿನಲ್ಲಿ ಉತ್ತಮ ಎಂಬ ಹೆಸರಿನ ಕಾಲುವೆಯ ಇಂಜಿನಿಯರ್ ಸಾಹೇಬರು ತಲೆಗೆ ಎಣ್ಣೆ ತಿಕ್ಕಿಸಿಕೊಂಡು ರವಿವಾರದ ಬಿಸಿಲಿಗೆ ಕುಳಿತಿದ್ದರು. ಅವರಿಗೆ ಫೋನು ಬಂತು: ಬೋಟಿನ ಮೇಲೆ ತಪಾಸಣಾ ಬಂದಿದೆ, ಕೋಟು ತೊಟ್ಟ ದೊಡ್ಡ ಸಾಹೇಬ, ಸೋಫಾ ಸಮೇತ. ತಮ್ಮ ಕಾಲುವೆಯಲ್ಲಿ ಒಂದೂ ಕಳ್ಳ ಪೈಪಿಲ್ಲ ಎಂದು ಅವರು ಮೇಲಿನವರಿಗೆ ಎಷ್ಟೋ ಸಲ ಹೇಳಿದ್ದರು. ಮೇಲಿನವರಿಗೆ ಫೋನು ಹಚ್ಚಿದರು. ರವಿವಾರ, ಯಾರೂ ಎತ್ತಲಿಲ್ಲ. ಯಾರೂ ಎತ್ತದಿದ್ದಾಗ ಇದು ಗುಪ್ತ ತಪಾಸಣೆ ಎಂಬುದು ಅವರಿಗೆ ಖಾತ್ರಿಯಾಯಿತು. ಎಣ್ಣೆ ತಲೆಯಲ್ಲೇ ಮೋಟರ್ ಸೈಕಲ್ ಹತ್ತಿದರು. ಆದರೆ ಕಾಲುವೆಯ ದಂಡೆಯ ರಸ್ತೆ ಅವರೇ ಮುಂದೆ ನಿಂತು ಮಾಡಿಸಿದ್ದು. ಆದ್ದರಿಂದ ಅದರ ಮೇಲೆ ಜಲ್ದಿ ಹೋಗಲು ಆಗಲಿಲ್ಲ.

ಕಾಲುವೆಯಲ್ಲಿ ಈಗ ಬೇರೆ ಸಮಸ್ಯೆ ಶುರುವಾಗಿತ್ತು. ಪೈಪುಗಳೆಲ್ಲ ಎದ್ದುಹೋದ ಮೇಲೆ ನೀರು ಮುಂದೆ ಹೋದಂತೆ ಕಡಿಮೆಯಾಗುವ ಬದಲು ಏರತೊಡಗಿತು. ಎಷ್ಟೋ ವರ್ಷ ದಾರಿಯಲ್ಲೇ ಕರಗಿ ಹೋಗುತ್ತಿದ್ದ ನೀರು, ತಾನು ಇಷ್ಟಿದ್ದೇನೆಂದು ಮೊದಲ ಸಲ ತಿಳಿದ ಹಾಗೆ, ಹುರುಪಿನಿಂದ ಹರಿಯಿತು. ದೋಣಿ ಎಮ್ಮೆಯ ನಡಿಗೆ ಬಿಟ್ಟು ಎತ್ತಿನ ನಡಿಗೆಗೆ, ಎತ್ತಿನದು ಬಿಟ್ಟು ಕುದುರೆಯದಕ್ಕೆ ಬಂತು. ಸ್ಟೋವು ಆರಿತು. ಕೋಳಿ ಸೋಫಾದ ಬೆನ್ನು ಹತ್ತಿ ನಿಂತಿತು.

“ಸಾವಕಾಶ ಅಂದಿದ್ರಲ್ರೀ!” ಎಂದಳು ಸುಂದರಬಾಯಿ.

“ಪಂಡರಿ, ಬ್ರೇಕ್ ಹಾಕೋ!” ಎಂದ ಏಕನಾಥ.

ಬ್ರೇಕು ಎಂದರೆ ಪಂಡರಿಯ ಕೈಯ ಬಿದಿರು. ಅವನು ಅದನ್ನು ಕೆಸರಿಗೆ ಊರಿದ. ಬಿದಿರು ಅಲ್ಲೇ ನಿಂತಿತು, ದೋಣಿ ಮುಂದೆ ಹೋಯಿತು. ಪಂಡರಿ ಬಿದಿರಿನ ಜೊತೆ ಇರಬೇಕೋ ದೋಣಿಯ ಜೊತೆ ಹೋಗಬೇಕೋ ಎಂದು ಒಂದು ಕ್ಷಣ ಯೋಚಿಸಿದ. ಸೊಂಟದ ಹಗ್ಗ ಅವನ ಪರವಾಗಿ ನಿರ್ಣಯ ಮಾಡಿ ಅವನನ್ನು ಜಮಖಾನೆಯ ಮೇಲೆ ಬೀಳಿಸಿತು. ಎದುರಿಗೆ ಕಾಲುವೆಗೆ ಅಡ್ಡ ಹಾಕಿದ ಗಿಡ್ಡ ಕಾಲುಸೇತುವೆ.

“ಬಗ್ಗ್ರಿ!”

ಮೂವರೂ ಬಗ್ಗಿದರು. ಕೋಳಿಯೂ ಬಗ್ಗಿತು. ಚೌಕಟ್ಟು ಬಗ್ಗಲಿಲ್ಲ. ಚಟ್ ಎಂದು ಸೇತುವೆಗೆ ಬಡಿದು ತಂತಿಗಳು ಹರಿದವು, ಚೌಕಟ್ಟು ಓರೆಯಾಗಿ ಹಿಂದಕ್ಕೆ ವಾಲಿತು, ಸೇತುವೆ ದಾಟಿ ಈಚೆ ಬಂದಾಗ ಫ್ಲೆಕ್ಸು ಎರಡೂ ಕಡೆಗೆ ರೆಕ್ಕೆಯ ಹಾಗೆ ಬಿಚ್ಚಿಕೊಂಡಿತ್ತು: ‘ಉಚಿತ ನೇತ್ರ ತಪಾಸಣಾ ಶಿಬಿರ.’

ಸೇತುವೆಯ ಈಚೆ ಒಂದು ಸಣ್ಣ ವಸ್ತಿ. ಅಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಬೋರ್ಡು ಓದಿದ ಕೂಡಲೇ ಮನೆಯ ಮುದುಕ ಮುದುಕಿಯರನ್ನು ಕರೆತಂದರು. ಎಲ್ಲರಿಗಿಂತ ಮುಂದೆ ವಜೀರಬಿ ಎಂಬ ಮುದುಕಿ, ಕೋಲು ಊರಿಕೊಂಡು, ಹೋಗುತ್ತಿರುವ ದೋಣಿಯ ಜೊತೆ ದಂಡೆಯ ಮೇಲೆ ದುಡುದುಡು ನಡೆದಳು.

“ಡಾಕ್ಟರ್ ಬೇಟಾ, ನಿಂದರು! ಎಡಗಣ್ಣು ಒಂದರ ನೋಡಿ ಹೋಗು!”

“ನಾ ಡಾಕ್ಟರ್ ಅಲ್ಲವ್ವಾ!”

“ಹಂಗಾದ್ರ ಇಷ್ಟು ದೊಡ್ಡ ಕಣ್ಣು ಯಾಕ ತೊಗೊಂಡು ತಿರಗಾಕತ್ತಿ?”

ಮುದುಕಿಯ ಮನಸ್ಸು ಮುರಿಯಲಾರದೆ ಏಕನಾಥ ಕೈಯೆತ್ತಿ, “ಇವು ಎಷ್ಟು ಬೆರಳವ ಹೇಳು ನೋಡೂಣು?” ಎಂದ.

“ಬೆರಳು ಯಾರು ನೋಡ್ತಾರ! ಸೋಫಾದ ಮ್ಯಾಲ ಒಬ್ಬ ಗಂಡಸು, ಒಂದು ಹೆಂಗಸು, ಒಂದು ಕೋಳಿ ಕಾಣಾಕತ್ತದ.”

“ಕಣ್ಣು ಬರೋಬ್ಬರಿ ಅವ ಬಿಡವ್ವಾ!”

“ಹೌದಾ?” ಎಂದು ವಜೀರಬಿ ನಿಂತಳು. “ನಾ ಕೋಳಿ ಕಂಡು ಹೆದರಿದ್ದೆ. ಡಾಕ್ಟರ್ ಜೊತಿ ಕೋಳಿ ಯಾಕ ಬರ್ತದ ಅಂತ.” ಅವಳು ಸಮಾಧಾನದಿಂದ ಮನೆಗೆ ಹೋದಳು.

ಆದರೆ ಸುದ್ದಿ ಹಿಂದಕ್ಕೆ ಸೋನವಾಡಿಗೆ ಹೋಯಿತು. ಅದು ನೀರಿನ ತಪಾಸಣೆಯಲ್ಲ, ಕಣ್ಣಿನದು! ವೈಜಿನಾಥ ಎದ್ದು ನಿಂತ. ಅವನೂ ಅವನ ಬಳಗವೂ ಮೋಟರ್ ಸೈಕಲ್ ಹತ್ತಿ ಹಳದವಾಡಿಯ ದಾರಿ ಹಿಡಿದರು.

ಹಳದವಾಡಿಯ ಒಣ ಕಾಲುವೆಯಲ್ಲಿ ಆ ಹೊತ್ತಿಗೆ ಕ್ರಿಕೆಟ್ ಪಂದ್ಯ ಕೊನೆಯ ಓವರಿಗೆ ಬಂದಿತ್ತು. ಆಡುವವರೆಲ್ಲ ಮೀಸೆ ಬಂದ ಗೃಹಸ್ಥರು. ಬಿಳಿ ಪ್ಯಾಂಟು, ಕಪ್ಪು ಕನ್ನಡಕದ ಸಂತೋಷಕುಮಾರ ಅಂಪೈರು. ಏಕನಾಥ ಬರದಿರುವುದನ್ನು ಕಣ್ಣಾರೆ ನೋಡಲೆಂದೇ ಅವನು ಊರ ಮಂದಿಯನ್ನು ದಂಡೆಯ ಮೇಲೆ ಕೂಡಿಸಿದ್ದ. ಮನೀಷಾಳ ಕೈಯಲ್ಲಿ ಬೇಕೆಂದೇ ಖಾಲಿ ಆರತಿ ತಾಟು ಕೊಟ್ಟು ನಿಲ್ಲಿಸಿದ್ದ.

ಬೌಲರು ಓಡಿ ಬಂದ. ಚೆಂಡು ಬಿತ್ತು, ಪುಟಿಯಲಿಲ್ಲ, ತೇಲಿತು.

ಸಂತೋಷಕುಮಾರ ಕೆಳಗೆ ನೋಡಿದ. ಬೂಟಿನ ಸುತ್ತ ನೀರು. ಅದು ನೊರೆ, ಎಲೆ, ಕಡ್ಡಿ ಕಸ ನೂಕಿಕೊಂಡು ಬಂದು ವಿಕೆಟ್ಟು ಕೆಡವಿತು. ಬ್ಯಾಟ್ಸ್‌ಮನ್ “ಔಟ್ ಅಲ್ಲ!” ಎಂದು ಕೂಗುತ್ತ ದಂಡೆ ಹತ್ತಿದ. ಅಂಪೈರು ಮಾತ್ರ ಬಾಯಿ ತೆರೆದು ನಿಂತೇ ಇದ್ದ. ನೀರು ಮೊಣಕಾಲಿಗೆ ಬಂತು. ಆಮೇಲೆ ತಿರುವಿನಿಂದ, ಬಂಗಾರದ ಸೋಫಾದ ಮೇಲೆ ಕುಳಿತು, ನಡುವೆ ಕೋಳಿ ಇಟ್ಟುಕೊಂಡು, ಅವನ ಷಡ್ಡಕ ಬಂದ.

ಪಂಡರಿ ಸೀಟಿ ಊದಿದ. ದೋಣಿ ಮೆಲ್ಲಗೆ ಸಂತೋಷಕುಮಾರನ ಹೊಟ್ಟೆಗೆ ತಾಗಿ ನಿಂತಿತು.

“ಊಟ ಆಗ್ಯಾದೇನ್ರಿ?” ಎಂದ ಏಕನಾಥ.

ಊರು ಒಮ್ಮೆಲೇ ಹೋ ಎಂದಿತು. ಆ ಕೂಗು ಷಡ್ಡಕರ ಪಂತಕ್ಕಲ್ಲ, ನೀರಿಗೆ. ಮುದುಕರು ಕಾಲುವೆಗೆ ಇಳಿದು ನೀರನ್ನು ಬೊಗಸೆಯಲ್ಲಿ ಹಿಡಿದು ನೋಡಿದರು. ಕಡಲೆಗೆ, ಗೋಧಿಗೆ ನೀರು ತಿರುವಲು ಮಂದಿ ಸಲಿಕೆ ಹಿಡಿದು ಓಡಿದರು. ಏಕನಾಥನನ್ನು ಎತ್ತಿ ಇಳಿಸಿ ಟವೆಲು ಹೊದಿಸಿದರು.

ಅಷ್ಟರಲ್ಲಿ ಒಂದು ಕಡೆಯಿಂದ ಎಣ್ಣೆ ತಲೆಯ ಉತ್ತಮ ಸಾಹೇಬರೂ ಇನ್ನೊಂದು ಕಡೆಯಿಂದ ವೈಜಿನಾಥನ ಪಡೆಯೂ ಒಟ್ಟಿಗೇ ಬಂದು ಮುಟ್ಟಿದರು. ಸಾಹೇಬರು ಕೋಟು ಕಂಡು ಸಲಾಮು ಹೊಡೆಯುವಷ್ಟರಲ್ಲಿ ವೈಜಿನಾಥ ಅಬ್ಬರಿಸಿದ:

“ಸಾಹೇಬ್ರ, ಇಂವ ಆಫೀಸರ್ ಅಲ್ರಿ! ಆ ಬೋರ್ಡ್ ಓದ್ರಿ! ಇಂವ ನಮಗ ಮೋಸ ಮಾಡ್ಯಾನ!”

ಸಾಹೇಬರು ಬೋರ್ಡು ಓದಿದರು. ಸಲಾಮಿಗೆ ಎದ್ದ ಕೈಯಿಂದ ತಲೆ ಕೆರೆದುಕೊಂಡರು. ಮುಖಕ್ಕೆ ಬಣ್ಣ ಬಂತು. “ಏನ್ ಮೋಸ ಮಾಡ್ಯಾನ?”

“ನಾವು ನಮ್ಮ ಪೈ...”

ವೈಜಿನಾಥ ಅಲ್ಲಿಗೇ ನಿಂತ. ಇಡೀ ಹಳದವಾಡಿ ಅವನ ಬಾಯಿ ನೋಡುತ್ತಿತ್ತು. ಸಲಿಕೆಗಳು ಅವರ ಕೈಯಲ್ಲಿ ಇನ್ನೂ ಇದ್ದವು. ಪೈಪು ಎಂಬ ಮಾತು ಹೊರಗೆ ಬಂದರೆ ಕಷ್ಟ ಎಂಬುದು ಅವನಿಗಿಂತ ಮೊದಲು ಸಾಹೇಬರಿಗೆ ಹೊಳೆದು, ಅವರು ಗಾಬರಿಯಿಂದ, “ನಿಮ್ಮ ಪೈ?” ಎಂದರು.

“ನಮ್ಮ... ಪೈಕಿ ಒಬ್ಬನ ಕೋಳಿ ತೊಗೊಂಡಾನ್ರಿ.”

“ಹಾಂ, ಕೋಳಿ!” ಎಂದು ಸಾಹೇಬರು ಉಸಿರು ಬಿಟ್ಟರು.

ಸುಂದರಬಾಯಿ ಮುಂದೆ ಬಂದಳು. “ಕೋಳಿ ನಾವು ಬೇಡಿಲ್ರಿ. ನೀವೇ ಓಡಿ ಬಂದು ಒಗದ್ರಿ. ಯಾಕ ಒಗದ್ರಿ ಹೇಳ್ರಿ, ಎಲ್ಲಾರೂ ಕೇಳ್ಲಿ.”

ವೈಜಿನಾಥ ತನ್ನ ಬಳಗದ ಹಿಂದೆ ಸರಿದ. ಹಳದವಾಡಿಯ ಒಬ್ಬ ಮುದುಕ ಸಾಹೇಬರ ಹತ್ತಿರ ಬಂದು ವಿನಯದಿಂದ ಕೇಳಿದ: “ಸಾಹೇಬ್ರ, ನಮ್ಮ ನೀರು ಬಿಸಲಿಗೆ ಆವಿ ಆಗಿ ಹೋಗ್ತದ ಅಂತ ನೀವು ಯಾವಾಗಲೂ ಹೇಳತಿದ್ರಿ. ಇವತ್ತ ಆಗಲಿಲ್ಲೇನ್ರಿ?”

“ಇವತ್ತ ಥಂಡಿ ಅದ” ಎಂದರು ಸಾಹೇಬರು, ಬೆವರು ಒರೆಸಿಕೊಳ್ಳುತ್ತ. ಏನಾದರೂ ಕ್ರಮ ಕೈಗೊಳ್ಳಲೇಬೇಕಾಗಿದ್ದರಿಂದ ಏಕನಾಥನ ಕಡೆ ತಿರುಗಿದರು. “ಕಾಲುವ್ಯಾಗ ಎಮ್ಮಿ ಮೈ ತೊಳಿಬಾರದು ಅಂತ ಕಾನೂನು ಅದ. ಬಟ್ಟಿ ಒಗಿಬಾರದು ಅಂತ ಅದ. ಸೋಫಾ...” ಅವರು ಆಕಾಶ ನೋಡಿ ನೆನಪಿಸಿಕೊಂಡರು. “ಸೋಫಾದ ಬಗ್ಗೆ ನೋಡಿ ಹೇಳಬೇಕು.”

ಸಂತೋಷಕುಮಾರ ಮಾತಿಗೆ ತಪ್ಪಲಿಲ್ಲ. ತಪ್ಪಲು ದಾರಿಯಿರಲಿಲ್ಲ, ಮನೀಷಾ ತಾಟಿಗೆ ದೀಪ, ಕುಂಕುಮ ತುಂಬಿಸಿಕೊಂಡು ಬಂದಿದ್ದಳು. ಅವನು ಒದ್ದೆ ಪ್ಯಾಂಟಿನಲ್ಲಿ ಕಾಲುವೆಯಲ್ಲಿ ನಿಂತು ಷಡ್ಡಕನಿಗೆ ಆರತಿ ಎತ್ತಿದ. ವೀಡಿಯೋ ಗ್ರೂಪಿಗೆ ಹೋಯಿತು. ಮಾವ ಹೆಬ್ಬೆರಳು ಒತ್ತಿದರು. ಈ ಸಲ ಯಾರ ಕಡೆಗೆ ಎಂಬುದರಲ್ಲಿ ಸಂಶಯವಿರಲಿಲ್ಲ.

ಕೋಳಿ ಸಾರಾಯಿತು. ಬಂದವರನ್ನು ಉಪವಾಸ ಕಳಿಸುವುದು ಹಳದವಾಡಿಯ ರೀತಿಯಲ್ಲ, ಅವರು ನೀರು ಕದ್ದವರಾದರೂ. ವೈಜಿನಾಥ ಮೊದಲು ಮುಖ ತಿರುವಿ ಕುಳಿತ. ಆಮೇಲೆ ತನ್ನದೇ ಕೋಳಿಯ ಸಾರನ್ನು ಎರಡು ಸಲ ಹಾಕಿಸಿಕೊಂಡ. “ಮ್ಯಾಲಿನ ಪಾಳಿ ಮುಗದ ಮ್ಯಾಲ ನಿಮಗ ನೀರು ಬರಬೇಕು ಖರೇ” ಎಂದು ರೊಟ್ಟಿ ಮುರಿಯುತ್ತ ಪಕ್ಕದವನಿಗೆ ಒಪ್ಪಿಕೊಂಡ. ಹೊಟ್ಟೆ ತುಂಬಿದಾಗಿನ ಮಾತು. ಎಷ್ಟು ದಿನ ಬಾಳುತ್ತದೋ ಹೇಳಲಾಗದು. ಕೈತೊಳೆಯುವಲ್ಲಿ ಉತ್ತಮ ಸಾಹೇಬರು ಏಕನಾಥನನ್ನು ಮೂಲೆಗೆ ಕರೆದು ಪಿಸುಗುಟ್ಟಿದರು:

“ಮುಂದಿನ ಸಲ ನೀರು ಬಿಟ್ಟಾಗ ಮತ್ತ ಬರ್ತೀರೇನ್ರಿ? ನಾ ಏನೂ ಕೇಳಿಲ್ಲ, ನೀವೇನೂ ಹೇಳಿಲ್ಲ.”

“ಬರಾಕೇನ್ರಿ...” ಎಂದ ಏಕನಾಥ. ದೋಣಿಯ ಕಡೆ ನೋಡಿದ. ನೀರಿನ ಕಡೆ ನೋಡಿದ. ನೀರು ಹುಡಗಿಯಿಂದ ಹಳದವಾಡಿಗೆ ಹರಿಯುತ್ತದೆ, ಹಳದವಾಡಿಯಿಂದ ಹುಡಗಿಗೆ ಹರಿಯುವುದಿಲ್ಲ ಎಂಬ ಸಂಗತಿ ಅವನಿಗೆ ಆಗ ಹೊಳೆಯಿತು.

ಹೀಗಾಗಿ ದೋಣಿಯನ್ನು ಅಲ್ಲೇ ದಂಡೆಗೆ ಕಟ್ಟಿ, ಸಂಜೆ ಬಸವಕಲ್ಯಾಣದ ನಿಲ್ದಾಣದಲ್ಲಿ ಗಂಡಹೆಂಡತಿ, ಪಂಡರಿ ಮೂವರೂ ಹುಮನಾಬಾದ ಬಸ್ಸು ಹತ್ತಿದರು. ಬಸ್ಸು ಹೆದ್ದಾರಿಗೆ ಬಂದದ್ದೇ ಓಡತೊಡಗಿತು. ಸುಂದರಬಾಯಿ ಕಿಟಕಿಯಿಂದ ನೋಡಿದಳು. ಜೋಳ, ಕಡಲೆ, ಮೇಕೆ, ಮಂದಿ, ಒಂದೂ ಕಣ್ಣಿಗೆ ನಿಲ್ಲಲಿಲ್ಲ. ಕೊನೆಗೆ ಕಂಡಕ್ಟರನನ್ನು ಕರೆದಳು.

“ತಮ್ಮಾ, ಡ್ರೈವರಗ ಸ್ವಲ್ಪ ಸಾವಕಾಶ ಹೊಡಿ ಅನ್ನು. ಯಾವ ಹೊಲದಾಗ ಏನದ ಅಂತ ಏನೂ ಕಾಣವೊಲ್ದು. ಕೂತು ಒಂದು ಕಪ್ ಚಹಾ ಕುಡದಂಗೂ ಇಲ್ಲ.”

ಕಂಡಕ್ಟರ್ ದಿನವಿಡೀ ನಿಂತು ದಣಿದವನು. ಅವಳನ್ನು ಮೇಲಿಂದ ಕೆಳಗೆ ನೋಡಿದ. “ಅಕ್ಕಾರ, ಸಾವಕಾಶ ಹೊಲ ನೋಡ್ಕೋತ, ಚಹಾ ಕುಡಕೋತ ಹೋಗೋರು ದೋಣಿ ಮ್ಯಾಲ ಹೋಗಬೇಕ್ರಿ. ಬಸ್ಸು ಯಾಕ ಹತ್ತೀರಿ?”

“ಬರಾಕ ಅದರಾಗೇ ಬಂದೀವಪ್ಪಾ” ಎಂದಳು ಸುಂದರಬಾಯಿ. “ಹೋಗಾಕ ಸಿಗಲಿಲ್ಲ.”